ಇಂಪ್ಲಾಂಟ್ ಹಲ್ಲು: ನೋವಿನ ನಿರ್ವಹಣೆ ಮತ್ತು ಚೇತರಿಕೆಯಲ್ಲಿ ನನ್ನ ಅನುಭವ

ಕುಮಟಾದಲ್ಲಿ ಹಲ್ಲಿನ ದವಾಖಾನೆ ನಡೆಸುತ್ತಿರುವ ನನ್ನ ಬಳಿಗೆ ಹೋದ ಹಲ್ಲಿನ ಬೇರಿನ ಬದಲಾಗಿ ಇಂಪ್ಲಾಂಟ್ ಹಾಕಿಸಿಕೊಳ್ಳಲು ಬರುವವರು ಖರ್ಚಿನ ಮಾತಿಗಿಂತ ಮೊದಲು ಕೇಳುವುದು, "ಎಷ್ಟು ನೋವಾಗ್ತದೆ ಡಾಕ್ಟ್ರೇ?" ಎಂದು. ದವಡೆಯ ಎಲುಬಿನಲ್ಲಿ ರಂಧ್ರ ಕೊರೆದು ತಿರುಪು ಕೂರಿಸುತ್ತಾರೆಂದು ಕೇಳಿ ಬಂದವರಿಗೆ ಆ ಭಯ ಸಹಜವಾದದ್ದು. ಎಲುಬಿನೊಳಗೆ ಅಡ್ಡಡ್ಡ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಕೀಳಿಸಿಕೊಂಡಾಗ ಆಗುವ ನೋವಿಗಿಂತ ಒಂದೇ ಇಂಪ್ಲಾಂಟಿನ ನೋವು ಸಾಮಾನ್ಯವಾಗಿ ಕಡಿಮೆ ಇರುತ್ತದೆಂದೂ, ಎರಡು ಮೂರು ದಿನ ಗುಳಿಗೆ ಬೇಕಾಗುತ್ತದೆಂದೂ ನಾನು ಅವರಿಗೆ ಹೇಳುತ್ತೇನೆ. ಆದರೆ ಅದರ ಜೊತೆಗೇ ಹೇಳುವ ಇನ್ನೊಂದು ಮಾತನ್ನು ಬಹಳ ಮಂದಿ ಆ ಕ್ಷಣದಲ್ಲಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೋವು ವಾರದೊಳಗೆ ಮುಗಿಯುತ್ತದೆ, ಎಲುಬು ಕೂಡಿಕೊಳ್ಳಲು ತಿಂಗಳುಗಳು ಬೇಕು. ನೋವು ನಿಂತ ದಿನವೇ ಗುಣವಾಯಿತೆಂದು ತಿಳಿದವರಲ್ಲಿಯೇ ನಾನು ಹೆಚ್ಚಿನ ತೊಂದರೆಗಳನ್ನು ಕಂಡಿದ್ದೇನೆ.

ಇಂಪ್ಲಾಂಟ್ ಎಂದರೆ ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪು. ಸ್ವೀಡನ್ನಿನ ಸಂಶೋಧಕ ವೈದ್ಯ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಎಲುಬಿನಲ್ಲಿ ಕೂರಿಸಿದ್ದ ಟೈಟಾನಿಯಂ ಉಪಕರಣವನ್ನು ಹೊರತೆಗೆಯಲು ಹೋದಾಗ ಎಲುಬು ಅದಕ್ಕೆ ಬಿಡಿಸಲಾಗದಂತೆ ಅಂಟಿಕೊಂಡಿದ್ದನ್ನು ಕಂಡರು. 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಇಂಪ್ಲಾಂಟ್ ಕೂರಿಸಿದರು. ಇಂದಿಗೂ ನಮ್ಮ ಕೆಲಸವೆಲ್ಲ ಆ ಅಂಟಿಕೆಯ ಮೇಲೆಯೇ ನಿಂತಿದೆ. ಎಲುಬಿನ ಒಳಭಾಗಕ್ಕಿಂತ ಅದರ ಮೇಲಿನ ಪೊರೆ ಮತ್ತು ಒಸಡುಗಳಲ್ಲಿ ನೋವಿನ ನರಗಳು ಹೆಚ್ಚು. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರದ ನೋವಿನ ಬಹುಪಾಲು ಒಸಡನ್ನು ಎಷ್ಟು ಬಿಡಿಸಿದೆವು, ಎಷ್ಟು ಎಳೆದೆವು, ಎಷ್ಟು ಹೊತ್ತು ತೆರೆದಿಟ್ಟೆವು ಎಂಬುದರ ಮೇಲೆ ನಿಂತಿರುತ್ತದೆ. ಕೊರೆಯುವಾಗ ಹುಟ್ಟುವ ಶಾಖವೂ ಅಷ್ಟೇ ಮುಖ್ಯ. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗುಲಿದರೆ ಎಲುಬಿನ ಜೀವಕೋಶಗಳಿಗೆ ಹಾನಿಯಾಗುತ್ತದೆ. ಹಾಗಾಗಿ ನಾನು ಹರಿತವಾದ ಡ್ರಿಲ್‌ಗಳನ್ನೇ ಬಳಸಿ, ತಣ್ಣಗಿನ ಸಲೈನ್ ಸುರಿಸುತ್ತ, ಸ್ವಲ್ಪ ಕೊರೆದು ಹೊರತೆಗೆದು ಮತ್ತೆ ಕೊರೆಯುತ್ತೇನೆ. ಈ ತಾಳ್ಮೆ ತೋರಿದ ದಿನ ರೋಗಿ ರಾತ್ರಿ ನಿದ್ದೆ ಮಾಡುತ್ತಾನೆ ಎಂಬುದು ನನ್ನ ದೃಢವಾದ ನಂಬಿಕೆ.

ನೋವಿನ ನಿರ್ವಹಣೆ ನಿಜವಾಗಿ ಆರಂಭವಾಗುವುದು ಶಸ್ತ್ರಚಿಕಿತ್ಸೆಗೆ ಮೊದಲು. ಮನೆಯಲ್ಲಿ ನುಂಗುವ ಎಲ್ಲ ಗುಳಿಗೆಗಳನ್ನೂ ಚೀಲದ ಸಮೇತ ತರಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ "ಬಿಪಿ ಗುಳಿಗೆ ಮಾತ್ರ" ಎಂದವರ ಚೀಲದಲ್ಲಿ ರಕ್ತ ತೆಳುವಾಗಿಸುವ ಔಷಧಿಯೂ ಎಲುಬು ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್ ಗುಳಿಗೆಯೂ ಸಿಗುವುದುಂಟು. ಮೊದಲನೆಯದನ್ನು ರೋಗಿ ತಾನಾಗಿಯೇ ನಿಲ್ಲಿಸಬಾರದು, ಹೃದಯದ ವೈದ್ಯರೊಡನೆ ಮಾತನಾಡಿಯೇ ನಿರ್ಧರಿಸಬೇಕು. ಎರಡನೆಯದು ದವಡೆಯ ಎಲುಬು ಮಾಯುವುದನ್ನೇ ಕೆಡಿಸಬಲ್ಲದು, ಅದರಲ್ಲಿಯೂ ಅದೇ ಗುಂಪಿನ ಔಷಧಿಯನ್ನು ಇಂಜೆಕ್ಷನ್ ಮೂಲಕ ಪಡೆದವರಲ್ಲಿ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 8ಕ್ಕಿಂತ ಮೇಲಿದ್ದರೆ, ಅದು ಇಳಿಯುವವರೆಗೆ ನಾನು ಕೆಲಸ ಮುಂದೂಡುತ್ತೇನೆ. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಸೋಂಕು ತಡೆಯಲು ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್ ಕೊಡುತ್ತೇನೆ, ಮತ್ತು ಹೊಟ್ಟೆ ತುಂಬ ತಿಂಡಿ ತಿಂದು ಬರಲು ಹೇಳುತ್ತೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೆಲ್ಲಕ್ಕಿಂತ ಕಠಿಣವಾದ ಸಿದ್ಧತೆ ಕವಳದ್ದು, ಅಂದರೆ ಸುಣ್ಣ, ಹೊಗೆಸೊಪ್ಪು ಸೇರಿಸಿ ಜಗಿಯುವ ಎಲೆಯಡಿಕೆಯದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಂದ ಬರುವ ಹಿರಿಯರಿಗೆ ಕವಳದ ಹರಿವಾಣ ಬರಿಯ ಚಟದ ವಸ್ತುವಲ್ಲ, ಬಂದವರನ್ನು ಆದರಿಸುವ ರೀತಿ. ಅದನ್ನು ಬಿಡಿ ಎಂದು ಗದರಿಸಿದರೆ ಅವರು ಬಿಡುವುದೂ ಇಲ್ಲ, ಮುಂದೆ ನಿಜ ಹೇಳುವುದೂ ಇಲ್ಲ. ಆದ್ದರಿಂದ ನಾನು ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಗಾಯಕ್ಕೆ ರಕ್ತ ಕಡಿಮೆಯಾಗುತ್ತದೆ, ಸುಣ್ಣ ಹಸಿ ಒಸಡನ್ನು ಸುಡುತ್ತದೆ, ಅಡಿಕೆಯ ನಾರು ಮತ್ತು ಚೂರು ಹೊಲಿಗೆಯ ಎಡೆಯಲ್ಲಿ ಸಿಕ್ಕಿಕೊಂಡು ಕೊಳೆಯುತ್ತದೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಗಿಯಾಗಿ ಬಾಯಿ ಪೂರ್ತಿ ತೆರೆಯಲು ಆಗದಿರುವುದನ್ನೂ ನಾನು ನೋಡುತ್ತೇನೆ. ಮೂರು ಬೆರಳು ಒಂದರ ಮೇಲೊಂದು ಬಾಯಿಯೊಳಗೆ ಹೋಗದಿದ್ದರೆ ಹಿಂದಿನ ದವಡೆಹಲ್ಲಿನ ಜಾಗಕ್ಕೆ ಡ್ರಿಲ್ ನೇರವಾಗಿ ಇಳಿಯುವುದಿಲ್ಲ, ಮತ್ತು ಬಲವಂತವಾಗಿ ಬಾಯಿ ಅಗಲಿಸಿದರೆ ಆಮೇಲಿನ ನೋವಿನ ಅರ್ಧ ಭಾಗ ಕಿವಿಯ ಮುಂದಿನ ಕೀಲಿನದೇ ಆಗಿರುತ್ತದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಊರುಗಳಲ್ಲಿ ಈ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು. ಕವಳ, ಬೀಡಿ, ಸಿಗರೇಟು ಯಾವುದೇ ಇರಲಿ, ಶಸ್ತ್ರಚಿಕಿತ್ಸೆಗೆ ಒಂದು ವಾರ ಮೊದಲಿನಿಂದ ಅದರ ನಂತರ ಎಂಟು ವಾರಗಳವರೆಗೆ ಬೇಡವೆಂದು ಕೇಳಿಕೊಳ್ಳುತ್ತೇನೆ. ಪೂರ್ತಿ ಬಿಡಿ ಎಂದಾಗ ತಲೆ ಅಲ್ಲಾಡಿಸಿ ಹೋದವರು, ಗಡುವು ಹಾಕಿ ಕಾರಣ ಹೇಳಿದಾಗ ನಿಜವಾಗಿ ಪಾಲಿಸಿದ್ದಾರೆ. ಕೆಲವರು ಆ ಎಂಟು ವಾರ ಕಳೆದ ಮೇಲೆ ಮತ್ತೆ ಹೊಗೆಸೊಪ್ಪು ಮುಟ್ಟಲೇ ಇಲ್ಲ.

ದಿನ ಗೊತ್ತುಮಾಡುವಾಗ ಕಸುಬನ್ನೂ ಕೇಳುತ್ತೇನೆ. ಭಾರ ಎತ್ತಿ ಬಗ್ಗಿ ದುಡಿದರೆ ಮುಖಕ್ಕೆ ರಕ್ತ ನುಗ್ಗಿ ಗಾಯ ಮತ್ತೆ ಒಸರುತ್ತದೆ, ಬಾವೂ ಹೆಚ್ಚುತ್ತದೆ. ಯಾಂತ್ರಿಕ ದೋಣಿಯಲ್ಲಿ ದುಡಿಯುವ ಕಾರವಾರ, ತದಡಿ ಕಡೆಯ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಇದಕ್ಕೆ ತಕ್ಕದ್ದು. ಅಡಿಕೆ ಕೊಯ್ಲಿನಲ್ಲಿ ಮುಳುಗಿರುವವರಿಗೆ ಕೊಯ್ಲು ಮುಗಿದ ಮೇಲೆ ಬರಲು ಹೇಳುತ್ತೇನೆ. ಘಟ್ಟದ ಮೇಲಿನವರು ದೇವಿಮನೆ ಘಾಟಿ ಇಳಿದು ಬಂದು ಅದೇ ಸಂಜೆ ಬಸ್ಸಿನಲ್ಲಿ ತಿರುಗಿ ಹೊರಡುವುದು ನನಗೆ ಇಷ್ಟವಿಲ್ಲ. ತಿರುವಿನಲ್ಲಿ ವಾಂತಿ ಬಂದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರಬಹುದು, ರಾತ್ರಿ ರಕ್ತ ನಿಲ್ಲದಿದ್ದರೆ ಮಳೆಗಾಲದಲ್ಲಿ ಆ ದಾರಿಯಲ್ಲಿ ಮತ್ತೆ ಇಳಿದು ಬರುವುದು ಕಷ್ಟ. ಕುಮಟಾದಲ್ಲಿಯೋ ಹೊನ್ನಾವರದಲ್ಲಿಯೋ ನೆಂಟರ ಮನೆ ಇದ್ದರೆ ಒಂದು ರಾತ್ರಿ ಅಲ್ಲಿಯೇ ಉಳಿಯಿರಿ ಎನ್ನುತ್ತೇನೆ.

ಶಸ್ತ್ರಚಿಕಿತ್ಸೆಯ ದಿನ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಇಂಜೆಕ್ಷನ್ನಿನಿಂದ ಬಾಯಿ ಕೆಲವು ಗಂಟೆ ಮರಗಟ್ಟಿರುತ್ತದೆ. ಆ ಮರಗಟ್ಟುವಿಕೆ ಇಳಿಯುವ ಮೊದಲೇ ಮೊದಲ ನೋವಿನ ಗುಳಿಗೆ ಹೊಟ್ಟೆ ಸೇರಿರಬೇಕು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಗಾಯವಾದ ಜಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ನರಗಳನ್ನು ಕೆರಳಿಸುತ್ತದೆ, ಐಬುಪ್ರೊಫೆನ್ ಅದರ ಉತ್ಪತ್ತಿಯನ್ನೇ ತಡೆಯುತ್ತದೆ. ನರ ಕೆರಳಿದ ಮೇಲೆ ನುಂಗಿದರೆ ಅದೇ ಗುಳಿಗೆಯ ಗುಣ ಅಷ್ಟಾಗಿ ಕಾಣುವುದಿಲ್ಲ. 400 ಮಿಲಿಗ್ರಾಂ ಐಬುಪ್ರೊಫೆನ್ ಮತ್ತು 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎರಡನ್ನೂ ಒಟ್ಟಿಗೆ, ಊಟವಾದ ಮೇಲೆ, ಎಂಟು ಗಂಟೆಗೊಮ್ಮೆ ನೋವು ಇರಲಿ ಇಲ್ಲದಿರಲಿ ಎರಡು ಮೂರು ದಿನ ತೆಗೆದುಕೊಳ್ಳಲು ಬರೆದುಕೊಡುತ್ತೇನೆ. ಇವೆರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಜೊತೆಯಾಗಿ ಕೊಟ್ಟಾಗ ಸಿಗುವ ಉಪಶಮನ ಒಂದನ್ನೇ ಹೆಚ್ಚು ಕೊಟ್ಟಾಗ ಸಿಗುವುದಿಲ್ಲ. ಆದರೆ ಮೂತ್ರಪಿಂಡದ ಕಾಯಿಲೆ, ಹೊಟ್ಟೆಯ ಹುಣ್ಣು, ಹೃದಯದ ದೌರ್ಬಲ್ಯ, ನೋವಿನ ಗುಳಿಗೆಯಿಂದ ಕೆರಳುವ ಉಬ್ಬಸ ಇರುವವರಿಗೂ ರಕ್ತ ತೆಳುವಾಗಿಸುವ ಔಷಧಿ ನುಂಗುವವರಿಗೂ ಐಬುಪ್ರೊಫೆನ್ ಕೊಡದೆ ಪ್ಯಾರಾಸಿಟಮಾಲ್ ಒಂದನ್ನೇ ಕೊಡುತ್ತೇನೆ. ಅಂಗಡಿಯಲ್ಲಿ ಸಿಗುವ ಅನೇಕ ನೋವಿನ ಗುಳಿಗೆಗಳಲ್ಲಿಯೂ ಶೀತದ ಗುಳಿಗೆಗಳಲ್ಲಿಯೂ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಅವನ್ನು ನನ್ನ ಚೀಟಿಯ ಗುಳಿಗೆಗಳ ಜೊತೆ ಸೇರಿಸಿ ನುಂಗಿದರೆ ದಿನದ ಪ್ರಮಾಣ ಮಿತಿ ಮೀರಿ ಯಕೃತ್ತಿಗೆ ಪೆಟ್ಟಾಗಬಹುದು. ಮನೆಯಲ್ಲಿ ಗುಳಿಗೆ ಕೊಡುವವರು ಯಾರೋ ಅವರನ್ನೇ ಕರೆದು ಈ ವಿಚಾರ ಹೇಳುವುದು ನನ್ನ ಪದ್ಧತಿ.

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗಿನಿಂದ ಹದಿನೈದು ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಟ್ಟು, ಮತ್ತೆ ಇಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಮಂಜುಗಡ್ಡೆ ಇಲ್ಲದಿದ್ದರೆ ಬಾವಿಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಸ್ವಲ್ಪಮಟ್ಟಿಗೆ ಸಹಾಯ ಮಾಡುತ್ತದೆ. ಹಿರಿಯರು ಪ್ರೀತಿಯಿಂದ ಮಾಡುವ ಉಪ್ಪಿನ ಶಾಖ ಮೊದಲೆರಡು ದಿನ ಬಾವನ್ನು ಹೆಚ್ಚಿಸುತ್ತದೆ, ಲವಂಗದ ಎಣ್ಣೆ ಹೊಲಿಗೆಯ ಜಾಗವನ್ನು ಸುಡುತ್ತದೆ. ಮಲಗುವಾಗ ತಲೆಯ ಕೆಳಗೆ ಎರಡು ದಿಂಬು ಇರಲಿ. ಮೊದಲ ಇಪ್ಪತ್ತನಾಲ್ಕು ಗಂಟೆ ಉಗುಳುವುದು, ಬಾಯಿ ಮುಕ್ಕಳಿಸುವುದು, ಎಳನೀರನ್ನು ನಳಿಕೆಯಿಂದ ಹೀರುವುದು ಬೇಡ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಸುಮ್ಮನೆ ಆಡಿಸಿ ಬಿಡಬೇಕು. ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನು ದಿನಕ್ಕೆರಡು ಬಾರಿ ಬಾಯಿ ಮುಕ್ಕಳಿಸಲು ಕೊಡುತ್ತೇನೆ, ಹಲ್ಲಿಗೆ ಕಂದು ಕಲೆ ಬರುವುದರಿಂದ ಎರಡು ವಾರಕ್ಕಿಂತ ಮುಂದುವರಿಸುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಕರಾವಳಿಯ ಅಡುಗೆಮನೆಯೇ ಅನುಕೂಲಕರವಾಗಿದೆ. ಚೆನ್ನಾಗಿ ಬೆಂದ ಕುಚ್ಚಲಕ್ಕಿ ಗಂಜಿಯನ್ನು ತಣ್ಣಗಾಗಿಸಿ, ತುಪ್ಪ ಹಾಕಿ ಕುಡಿದರೆ ಮೊದಲ ದಿನ ಸಾಕು. ಎರಡನೆಯ ದಿನದಿಂದ ಒಂದೆಲಗದ ತಂಬುಳಿ ಕಲಸಿದ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಮೊಸರು, ಮೀನು ತಿನ್ನುವವರಿಗೆ ಮುಳ್ಳು ತೆಗೆದು ಕಿವುಚಿದ ಮೀನು. ಮಾವಿನಕಾಯಿಯ ಖಾರದ ಅಪ್ಪೆಹುಳಿ ಒಂದು ವಾರ ಬೇಡ. ಬರಿಯ ಗಂಜಿಯಲ್ಲಿಯೇ ದಿನ ದೂಡಿದರೆ ಗಾಯ ಮಾಯಲು ಬೇಕಾದ ಸಸಾರಜನಕ ಸಿಗುವುದಿಲ್ಲ, ಆದ್ದರಿಂದ ಬೇಳೆಯೋ ಮೀನೋ ಮೊಟ್ಟೆಯೋ ದಿನವೂ ಇರಬೇಕು.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ, ಮತ್ತು ಮೊದಲು ಕೇಳುವುದು ನೋವಿನ ಬಗ್ಗೆಯಲ್ಲ, ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಪೂರ್ತಿ ತಿರುಗಿ ಬಂದಿದೆಯೇ ಎಂದು. ಕೆಳದವಡೆಯ ಹಿಂಭಾಗದಲ್ಲಿ ಎಲುಬಿನೊಳಗೆ ಒಂದು ನರ ಹರಿಯುತ್ತದೆ. ಸ್ಕ್ಯಾನ್ ನೋಡಿ ಅದರಿಂದ 2 ಮಿಲಿಮೀಟರ್ ದೂರ ಉಳಿಯುವಂತೆ ಯೋಜನೆ ಮಾಡುತ್ತೇವಾದರೂ ಬಾವಿನಿಂದಲೋ ರಕ್ತಸ್ರಾವದಿಂದಲೋ ಅದರ ಮೇಲೆ ಒತ್ತಡ ಬೀಳಬಹುದು. ಮರಗಟ್ಟುವಿಕೆ ಮರುದಿನವೂ ಇದ್ದರೆ ಅದೇ ದಿನ ಬಂದು ತೋರಿಸಬೇಕು, ಏಕೆಂದರೆ ನರಕ್ಕೆ ಒತ್ತುತ್ತಿರುವ ಇಂಪ್ಲಾಂಟನ್ನು ಒಂದೂವರೆ ದಿನದೊಳಗೆ ತೆಗೆದರೆ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು. "ನೋವಿಲ್ಲ, ಜುಮ್ಮೆನ್ನುತ್ತದೆ ಅಷ್ಟೆ" ಎಂದು ಯಾರಾದರೂ ಸಂಕೋಚದಿಂದ ಹೇಳಿದಾಗಲೇ ನಾನು ಹೆಚ್ಚು ಎಚ್ಚರಗೊಳ್ಳುತ್ತೇನೆ.

ನೋವಿನ ತೀವ್ರತೆಗಿಂತ ಅದು ಹೋಗುತ್ತಿರುವ ದಿಕ್ಕನ್ನು ಗಮನಿಸಿರಿ ಎಂದು ಮನೆಯವರಿಗೆ ಹೇಳುತ್ತೇನೆ. ಬಾವು ಎರಡು ಮೂರನೆಯ ದಿನ ಹೆಚ್ಚಾಗಿ ಕಾಣುವುದು ಸಹಜ, ಕೆನ್ನೆ ನೀಲಿಗಟ್ಟಿದರೂ ಗಾಬರಿ ಬೇಡ; ಆಮೇಲೆ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿದ ನೋವು ನಾಲ್ಕೈದನೆಯ ದಿನ ಮತ್ತೆ ಏರಿದರೆ, ಮಿಡಿಯುವಂತೆ ಆದರೆ, ಬಾಯಲ್ಲಿ ಕೆಟ್ಟ ರುಚಿ ಬಂದರೆ, ಜ್ವರ ಕಾಣಿಸಿಕೊಂಡರೆ ಗುಳಿಗೆ ಹೆಚ್ಚಿಸದೆ ಬಂದು ತೋರಿಸಬೇಕು. ಮೇಲ್ದವಡೆಯಲ್ಲಿ ಎಲುಬು ಸಾಲದೆ, ಅದರ ಮೇಲಿರುವ ಮೂಗಿನ ಪಕ್ಕದ ಗಾಳಿಯ ಪೊಟರೆಯಾದ ಸೈನಸ್ಸಿನ ಪೊರೆ ಎತ್ತಿ ಎಲುಬಿನ ಪುಡಿ ತುಂಬಿಸಿದವರಿಗೆ ಇನ್ನಷ್ಟು ನಿಯಮಗಳಿವೆ: ಸಿಂಬಳವನ್ನು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ನಾನು ಹೇಳುವವರೆಗೆ ನೇತ್ರಾಣಿ ದ್ವೀಪದ ಬಳಿಯ ಸಮುದ್ರದಲ್ಲಿ ಮುಳುಗು ಹಾಕುವುದೂ ಬೇಡ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಕೂರಿಸಿದ ದಿನ ಇಂಪ್ಲಾಂಟ್ ಗಟ್ಟಿಯಾಗಿ ನಿಂತಿರುವುದು ಹಳೆಯ ಎಲುಬಿನ ಹಿಡಿತದಿಂದ. ದೇಹ ಆ ಎಲುಬಿನ ಅಂಚನ್ನು ಕರಗಿಸಿ ಹೊಸ ಎಲುಬು ಕಟ್ಟುತ್ತದೆ. ಹಳೆಯದು ಕರಗಿ ಹೊಸದು ಇನ್ನೂ ಗಟ್ಟಿಯಾಗದ ಮೂರು ನಾಲ್ಕನೆಯ ವಾರದ ಹೊತ್ತಿಗೆ ಹಿಡಿತ ಎಲ್ಲಕ್ಕಿಂತ ದುರ್ಬಲವಾಗಿರುತ್ತದೆ. ಹೊಲಿಗೆ ಬಿಚ್ಚಿ, ಒಸಡು ಗುಲಾಬಿ ಬಣ್ಣಕ್ಕೆ ತಿರುಗಿ, ನೋವು ಮರೆತೇಹೋಗಿರುವ ಹೊತ್ತೂ ಅದೇ. ಸಿದ್ದಾಪುರದ ಕಡೆಯ ಹಿರಿಯ ತೋಟಗಾರರೊಬ್ಬರು ಈ ಅವಧಿಯಲ್ಲಿ ಮನೆಯ ಮದುವೆಯೊಂದರಲ್ಲಿ ಎಲ್ಲರೊಡನೆ ಕೂತು ಚಕ್ಕುಲಿ ಕಡಿದರು, ಕವಳವನ್ನೂ ಹಾಕಿದರು. ಯಾವ ನೋವೂ ಆಗಲಿಲ್ಲ. ತಿಂಗಳ ನಂತರ ನಾನು ಪರೀಕ್ಷಿಸಿದಾಗ ಇಂಪ್ಲಾಂಟ್ ಬೆರಳಿಗೆ ಅಲುಗುತ್ತಿತ್ತು, ತೆಗೆಯಲೇಬೇಕಾಯಿತು. ಅಂದಿನಿಂದ ತೋಟಗಾರರಿಗೆ ನಾನು ಹೇಳುವುದಿಷ್ಟು: ಈಗಷ್ಟೇ ನೆಟ್ಟ ಅಡಿಕೆ ಸಸಿಯನ್ನು ದಿನವೂ ಅಲ್ಲಾಡಿಸಿದರೆ ಬೇರು ಹಿಡಿಯುತ್ತದೆಯೇ? ಅವರಿಗೆ ಕೂಡಲೇ ಅರ್ಥವಾಗುತ್ತದೆ. ಕೆಳದವಡೆಗೆ ಸುಮಾರು ಮೂರು ತಿಂಗಳು, ಮೆದು ಎಲುಬಿನ ಮೇಲ್ದವಡೆಗೆ ನಾಲ್ಕರಿಂದ ಆರು ತಿಂಗಳು ಆ ಬದಿಯಲ್ಲಿ ಗಟ್ಟಿ ಪದಾರ್ಥ ಜಗಿಯಬಾರದು. ಮೂರನೆಯ ವಾರದಲ್ಲಿ ನೋವಿಲ್ಲದವರಿಗೂ ನಾನು ಮತ್ತೆ ಫೋನ್ ಮಾಡಿಸುವುದು ಈ ಕಾರಣಕ್ಕಾಗಿಯೇ.

ಆಮೇಲಿನ ಹಂತಗಳು ಹಗುರವಾದವು. ಒಸಡನ್ನು ಸ್ವಲ್ಪ ತೆರೆದು ಇಂಪ್ಲಾಂಟಿನ ಮೇಲಿನ ಮುಚ್ಚಳ ಬದಲಾಯಿಸಿದ ದಿನ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಅದರ ಮೇಲೆ ಕೃತಕ ಹಲ್ಲು ಕೂರಿಸುವಾಗ ಒಸಡಿಗೆ ಕೆಲವು ನಿಮಿಷ ಒತ್ತಿದಂತಾಗುತ್ತದೆ, ಅಷ್ಟೇ. ಸ್ವಂತ ಹಲ್ಲಿನ ಬೇರಿನ ಸುತ್ತ ಇರುವ, ಒತ್ತಡವನ್ನೂ ನೋವನ್ನೂ ಗ್ರಹಿಸುವ ನಾರಿನ ಪೊರೆ ಇಂಪ್ಲಾಂಟಿನ ಸುತ್ತ ಇರುವುದಿಲ್ಲವಾದ್ದರಿಂದ, ಒಸಡು ಕೆಟ್ಟು ಎಲುಬು ಸವೆಯತೊಡಗಿದರೂ ಬಹಳ ಕಾಲ ನೋವಾಗುವುದಿಲ್ಲ. ಹಲ್ಲುಜ್ಜುವಾಗ ಅಲ್ಲಿ ರಕ್ತ ಕಾಣುವುದೇ ಮೊದಲ ಸೂಚನೆ. ಸಂದಿಗಳಿಗೆ ಹೋಗುವ ಸಣ್ಣ ಬ್ರಷ್ಷನ್ನು ದಿನಕ್ಕೊಮ್ಮೆ ಬಳಸುವುದನ್ನು ಕನ್ನಡಿಯ ಮುಂದೆ ಕೂರಿಸಿ ಕಲಿಸಿಕೊಡುತ್ತೇನೆ, ಆರು ತಿಂಗಳಿಗೊಮ್ಮೆ ಬರಲು ಹೇಳುತ್ತೇನೆ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ಎಲುಬಿನ ಮಟ್ಟವನ್ನು ಮೊದಲ ದಿನದ ಎಕ್ಸ್‌ರೇಯೊಡನೆ ಹೋಲಿಸಿ ನೋಡುತ್ತೇನೆ.