ಮೊದಲು ಅರ್ಜಿ, ಆಮೇಲೆ ವಾಟ್ಸಾಪ್: ಜರ್ಮನಿಗೆ ಬಂದ ನಮ್ಮೂರವರಿಗೆ

ಕಳೆದ ತಿಂಗಳು ಬದಿಯಡ್ಕ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಊರಲ್ಲಿ ತಾನೇ ಮಾಡಿದ ಅಡಿಕೆ ಸುಲಿಯುವ ಯಂತ್ರವನ್ನು ಮೊಬೈಲಿನಲ್ಲಿ ತೋರಿಸಿ, "ಅಣ್ಣ, ಇದಕ್ಕೆ ಇಲ್ಲಿ ಪೇಟೆಂಟ್ ಮಾಡಿಸಬೇಕು" ಎಂದ. ವಿಡಿಯೋ ಯೂಟ್ಯೂಬಿನಲ್ಲಿತ್ತು. ನನ್ನ ಎದೆ ಧಸಕ್ಕೆಂದಿತು.

ಪೇಟೆಂಟ್ 20 ವರ್ಷ ಇರುತ್ತದೆ ಎಂಬುದೆಲ್ಲ ನಿಮಗೆ ಗೊತ್ತು. ಖರ್ಚೂ ಹೆದರುವಷ್ಟಿಲ್ಲ. ಮ್ಯೂನಿಕ್‌ನ ಜರ್ಮನ್ ಪೇಟೆಂಟ್ ಕಚೇರಿಯಲ್ಲಿ ಆನ್‌ಲೈನ್ ಅರ್ಜಿಗೆ 40 ಯೂರೋ, ಪರೀಕ್ಷೆಗೆ 350. ವಕೀಲರದ್ದು ಬೇರೆ.

ನಾನು ಬಿದ್ದ ಗುಂಡಿ ಬೇರೆಯೇ. ರಜೆಯಲ್ಲಿ ಊರಿಗೆ ಹೋದಾಗ ನಾನೂ ಭಾವನೂ ಸೇರಿ ದೋಟಿಯ ತುದಿಗೆ ಸಿಕ್ಕಿಸುವ ಒಂದು ಕತ್ತಿ ಮಾಡಿದೆವು. ಅಡಿಕೆ ಗೊನೆ ಕೊಯ್ದರೆ ಕೆಳಗೆ ಬಿದ್ದು ಚೆಲ್ಲುವುದಿಲ್ಲ. ಭಾವ ಖುಷಿಯಲ್ಲಿ ವಿಡಿಯೋ ಮಾಡಿ ಎಲ್ಲ ಕಡೆ ಹಾಕಿದ. 8 ತಿಂಗಳ ನಂತರ ನಾನು ಇಲ್ಲಿ ವಕೀಲರ ಹತ್ತಿರ ಹೋದೆ. "ಎಲ್ಲಾದರೂ ಪ್ರಕಟವಾಗಿದೆಯೇ?" ಎಂದು ಕೇಳಿದರು. ಪೇಪರಿನಲ್ಲಿ ಬಂದಿಲ್ಲವಲ್ಲ, "ಇಲ್ಲ" ಎಂದೆ. ಕೊನೆಗೆ ಪರೀಕ್ಷಕರ ಪತ್ರ ಬಂತು. ಒಳಗೆ ಯೂಟ್ಯೂಬಿನ ಚಿತ್ರ: ಹೆಗಲ ಮೇಲೆ ಬೈರಾಸು, ಕೈಯಲ್ಲಿ ದೋಟಿ, ನಮ್ಮ ಭಾವ! ಸುಮಾರು 3000 ಯೂರೋ ಅಲ್ಲಿಗೆ ಮುಗಿಯಿತು.

ಇಲ್ಲಿನ ಕಾನೂನಿನಲ್ಲಿ ಪ್ರಕಟ ಎಂದರೆ ಅಚ್ಚಾಗುವುದು ಮಾತ್ರ ಅಲ್ಲ. ಕೃಷಿ ಮೇಳದಲ್ಲಿ ತೋರಿಸಿದರೂ, ಕಾಲೇಜಿನಲ್ಲಿ ಭಾಷಣ ಮಾಡಿದರೂ, ಯಾವ ದೇಶದಲ್ಲಿ, ಯಾವ ಭಾಷೆಯಲ್ಲಿ ಆದರೂ ಸರಿ, ಅರ್ಜಿಗೆ ಮೊದಲು ಸಾರ್ವಜನಿಕರಿಗೆ ಸಿಕ್ಕಿತೆಂದರೆ ಹೊಸತನ ಹೋಯಿತು, ಪೇಟೆಂಟ್ ಸಿಗುವುದಿಲ್ಲ. ಅಮೆರಿಕದಲ್ಲಿ ನಾವೇ ತೋರಿಸಿದ್ದಕ್ಕೆ 1 ವರ್ಷದ ವಿನಾಯಿತಿ ಇದೆ. ಈ ವಿಷಯದಲ್ಲಿ ಅವರದ್ದೇ ಮನುಷ್ಯರ ಕಾನೂನು ಎಂದು ನನಗೆ ಅನ್ನಿಸುತ್ತದೆ. ಭಾರತದಲ್ಲೂ ಸರ್ಕಾರ ಗೆಜೆಟಿನಲ್ಲಿ ಹೇಳಿದ ಪ್ರದರ್ಶನಗಳಿಗೆ ವಿನಾಯಿತಿ ಇದೆ, ಊರಿನ ಮೇಳಕ್ಕೆಲ್ಲ ಅಲ್ಲ.

ಇನ್ನೊಂದು ಎಚ್ಚರಿಕೆ. ಜೊತೆಗಾರ ಭಾರತದಲ್ಲೇ ಇದ್ದರೆ ಮೊದಲು ಅಲ್ಲಿ ಅರ್ಜಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಹೊರಗೆ ಹಾಕಲು ಅಲ್ಲಿನ ಪೇಟೆಂಟ್ ಕಚೇರಿಯ ಅನುಮತಿ ಬೇಕು. ನಾನು ಸರಿಯಾಗಿ ಮಾಡಿದ್ದು ಇದೊಂದೇ.

ಇಲ್ಲಿ ಕೆಲಸದಲ್ಲಿರುವವರು ಕಂಪನಿಗೂ ತಿಳಿಸಬೇಕು. ಕೆಲಸಕ್ಕೆ ಸಂಬಂಧಪಟ್ಟ ಆವಿಷ್ಕಾರವನ್ನು ತಿಳಿಸಿ 4 ತಿಂಗಳೊಳಗೆ ಕಂಪನಿ ಬಿಟ್ಟುಕೊಡದಿದ್ದರೆ ಅದು ಕಂಪನಿಯದ್ದೇ. ಆದರೆ ಅದಕ್ಕೆ ಪ್ರತಿಫಲ ಕೊಡಲೇಬೇಕು. ಇದು ಮಾತ್ರ ಜರ್ಮನ್ನರ ಒಳ್ಳೆ ಬುದ್ಧಿ.

ಹುಡುಗ, "ವಿಡಿಯೋ ಡಿಲೀಟ್ ಮಾಡಿದರೆ ಆಗುವುದಿಲ್ವಾ ಅಣ್ಣ?" ಎಂದು ಕೇಳಿದ. ಆಗುವುದಿಲ್ಲ. ಅದೃಷ್ಟಕ್ಕೆ ಹಾಕಿ 5 ತಿಂಗಳಷ್ಟೇ ಆಗಿತ್ತು. ಇಲ್ಲಿ ಗೆಬ್ರೌಖ್ಸ್‌ಮುಸ್ಟರ್ ಎಂಬ ಚಿಕ್ಕ ಪೇಟೆಂಟ್ ಇದೆ. ನಾವೇ ತೋರಿಸಿ 6 ತಿಂಗಳು ದಾಟದಿದ್ದರೆ ಅದು ನಡೆಯುತ್ತದೆ. ಹೆಚ್ಚೆಂದರೆ 10 ವರ್ಷ, ಹೊಸತನದ ಪರೀಕ್ಷೆಯಿಲ್ಲದೆ ನೋಂದಣಿ. ಯಾರಾದರೂ ತಕರಾರು ತೆಗೆದರೆ ಆಗ ಗಟ್ಟಿ ನಿಲ್ಲಬೇಕು. ಅವತ್ತು ರಾತ್ರಿಯೇ ಕೂತು ಚಿತ್ರ ಬರೆಯಲು ಶುರು ಮಾಡಿದೆವು.