ಬೋರಿನ ನೀರು ರೇಡಿಯೇಟರಿಗೆ ಬೇಡ: ಮನೆಯಲ್ಲೇ ಕೂಲಂಟ್ ಬದಲಿಸುವ ಬಗೆ

ಬಚ್ಚಲ ಹಂಡೆಯ ಒಳಗೋಡೆಯನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿ. ಬಿಳಿ ಹಕ್ಕಳೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಬೋರಿನ ನೀರು ಬಳಸುವ ಮನೆಗಳಲ್ಲಿ ಇದು ಹೊಸದಲ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬನೇಟುಗಳು ಕಾದಾಗ ಕರಗದ ಪದಾರ್ಥವಾಗಿ ಗೋಡೆಗೆ ಅಂಟುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ. ಅದು ಮನುಷ್ಯನ ಹೊಟ್ಟೆಗೆ ಹಾಕಿದ ಲೆಕ್ಕ. ಕಾರಿನ ರೇಡಿಯೇಟರಿನ ಚಪ್ಪಟೆ ಕೊಳವೆಗಳ ಒಳಸಂದು ಎರಡು ಮಿಲಿಮೀಟರ್ ಆಸುಪಾಸು. ಹಂಡೆಗೆ ಹಕ್ಕಳೆ ಕಟ್ಟಿದರೆ ಸೌದೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಈ ಸಂದಿಗೆ ಕಟ್ಟಿದರೆ ಎಂಜಿನ್ ಬೇಯುತ್ತದೆ.

"ನೀರು ಕಮ್ಮಿ ಆಗಿದೆ, ಒಂದು ಬಾಟ್ಲಿ ಹಾಕಿಬಿಡಿ" ಅಂತ ಪೆಟ್ರೋಲ್ ಬಂಕಿನ ನಲ್ಲಿಯಿಂದ ತುಂಬಿಸುವ ರೂಢಿ ಬಂದದ್ದು ಹಿತ್ತಾಳೆ ರೇಡಿಯೇಟರಿನ ಕಾಲದಿಂದ. ಆಗ ಮೇಲಿನ ಟ್ಯಾಂಕಿನ ಬೆಸುಗೆ ಬಿಚ್ಚಿ, ಕೊಳವೆಗಳಿಗೆ ಕಂಬಿ ಹಾಯಿಸಿ, ಹಕ್ಕಳೆ ಕೆರೆದು ಮತ್ತೆ ಬೆಸೆಯುತ್ತಿದ್ದರು. ಈಗಿನ ಕಾರುಗಳದ್ದು ಅಲ್ಯೂಮಿನಿಯಂ ಕೋರ್, ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕ್. ಕಟ್ಟಿಕೊಂಡರೆ ಬಹುತೇಕ ಬಿಸಾಡುವುದೇ.

ಕೂಲಂಟ್ ಅಂದರೆ ಮುಖ್ಯವಾಗಿ ಎಥಿಲೀನ್ ಗ್ಲೈಕಾಲ್, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು. ಶಾಖ ಹೊರುವುದರಲ್ಲಿ ಬರೀ ನೀರೇ ಇದಕ್ಕಿಂತ ಮೇಲು. ಈ ವಾದ ಮಾಡುವವರು ಹೇಳುವುದು ಸುಳ್ಳಲ್ಲ. ಆದರೆ ಬರೀ ನೀರು ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡನ್ನೂ ವಾಟರ್ ಪಂಪಿನ ರೆಕ್ಕೆಯನ್ನೂ ತಿನ್ನುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಮುಚ್ಚಳದ ಒತ್ತಡ ಸೇರಿದರೆ 125 ದಾಟುತ್ತದೆ. ಹೊರಗೇ 38 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ, ಎ.ಸಿ. ಹಾಕಿಕೊಂಡು ಹೈವೇಯಲ್ಲಿ ಹೋಗುವಾಗ ಆ ಅಂತರ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಹಿಮ ಬೀಳದಿದ್ದರೂ ಕೂಲಂಟ್ ಬೇಕಾಗುವುದು ಇದಕ್ಕೇ.

ಏನು ಕೊಳ್ಳಬೇಕು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸಿ ಹಾಕಬೇಕಾದದ್ದು; ಪ್ರೀಮಿಕ್ಸ್, ಅಂದರೆ ಹಾಗೇ ಸುರಿಯುವಂಥದ್ದು. ಪ್ರೀಮಿಕ್ಸಿಗೆ ಮತ್ತೆ ನೀರು ಬೆರೆಸಬಾರದು. ಮಟ್ಟ ಸ್ವಲ್ಪ ಇಳಿದಾಗ ತುಂಬಿಸಲು ಪ್ರೀಮಿಕ್ಸ್ ಒಳ್ಳೆಯದು, ಪೂರ್ತಿ ಬದಲಿಸುವಾಗ ಕಾನ್ಸಂಟ್ರೇಟೇ ವಾಸಿ. ಕಾರಣ ಕೆಳಗೆ ಬರುತ್ತದೆ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಲ್ಲ ಕಂಪನಿಯವರು ಹಾಕುವ ಬಣ್ಣ. ಒಬ್ಬರ ಹಸಿರಿಗೂ ಇನ್ನೊಬ್ಬರ ಹಸಿರಿಗೂ ಸಂಬಂಧ ಇರಬೇಕೆಂದಿಲ್ಲ. ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿದ ಬಗೆಯನ್ನೇ ತನ್ನಿ. ಹಳೆಯ ಸಿಲಿಕೇಟ್ ಬಗೆಯದ್ದು ಎರಡು ವರ್ಷಕ್ಕೆ ಸೋಲುತ್ತದೆ, ಸಾವಯವ ಆಮ್ಲದಿಂದ ತುಕ್ಕು ತಡೆಯುವ ಓಎಟಿ ಬಗೆಯದ್ದು ಸಾಮಾನ್ಯವಾಗಿ ಐದು ವರ್ಷ ಬರುತ್ತದೆ. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಗುಣ ಬೇಗ ಹೋಗುತ್ತದೆ, ಕೆಲವು ಸಲ ಲೋಳೆಯೂ ಕಟ್ಟುತ್ತದೆ.

ನೀರಿನ ವಿಷಯ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನಿನಲ್ಲಿ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಲವಣ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ಒಳಗೆ ತೊಳೆಯಲು ಅದು ಸಾಕು. ಕೊನೆಗೆ ಉಳಿಯುವ ನೀರು ಮಾತ್ರ ಡಿಸ್ಟಿಲ್ಡ್ ಆಗಿರಲಿ.

ಬದಲಿಸುವ ಕೆಲಸ

ಬೆಳಿಗ್ಗೆ, ರಾತ್ರಿಯಿಡೀ ನಿಂತ ಕಾರಿನಲ್ಲೇ ಶುರು ಮಾಡಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಕುದಿಯದೆ ಇದ್ದ ನೀರು ಆ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೀಲಿ ಕೈ ಜೇಬಿನಲ್ಲಿರಲಿ. ಕೆಲವು ಕಾರುಗಳ ಫ್ಯಾನ್ ಎಂಜಿನ್ ಆಫ್ ಆಗಿದ್ದರೂ ತಾನೇ ತಿರುಗಿಬಿಡುತ್ತದೆ.

ಮುಚ್ಚಳ ತೆಗೆದು, ರೇಡಿಯೇಟರಿನ ತಳದ ಡ್ರೇನ್ ಕಾಕ್ ಸಡಿಲಿಸಿ, ಅಗಲ ಬೋಗುಣಿಯಲ್ಲಿ ಹಿಡಿಯಿರಿ. ಪ್ಲಾಸ್ಟಿಕ್ ಕಾಕ್ ಹಳತಾದರೆ ಮುರಿಯುತ್ತದೆ, ಕೈಯಲ್ಲೇ ತಿರುಗಿಸಿ, ಪಕ್ಕಡ್ ಹಾಕಬೇಡಿ. ಕಾಕ್ ಇಲ್ಲದ ಕಾರಿನಲ್ಲಿ ಕೆಳಗಿನ ಹೋಸಿನ ಕ್ಲಿಪ್ ಬಿಚ್ಚಬೇಕು. ಉದಾಹರಣೆಗೆ ನಾಲ್ಕು ಲೀಟರ್ ಹಿಡಿಯುವ ಸಣ್ಣ ಕಾರು ಅಂತಿಟ್ಟುಕೊಳ್ಳಿ: ಹೊರಗೆ ಬರುವುದು ಎರಡೂವರೆ ಲೀಟರ್ ಅಷ್ಟೇ. ಉಳಿದದ್ದು ಎಂಜಿನ್ ಬ್ಲಾಕಿನಲ್ಲೂ ಹೀಟರಿನಲ್ಲೂ ನಿಂತಿರುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಕಾಕ್ ಮುಚ್ಚಿ, ಕ್ಯಾನ್ ನೀರು ತುಂಬಿ, ಹೀಟರ್ ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ ಎಂಜಿನ್ ಓಡಿಸಿ. ಎಂಜಿನ್ ಕಾಯುವ ತನಕ ರೇಡಿಯೇಟರಿಗೆ ನೀರು ಬಿಡದ ಕವಾಟ, ಥರ್ಮೋಸ್ಟಾಟ್, ಸುಮಾರು 82ರಿಂದ 88 ಡಿಗ್ರಿಗೆ ತೆರೆಯುತ್ತದೆ; ಅಲ್ಲಿಯವರೆಗೆ ತಣ್ಣಗಿದ್ದ ರೇಡಿಯೇಟರ್ ಕಡೆಯ ಹೋಸ್ ಆಗ ಬಿಸಿಯಾಗುತ್ತದೆ. ಐದು ನಿಮಿಷ ಬಿಟ್ಟು ಆಫ್ ಮಾಡಿ, ಪೂರ್ತಿ ಆರಲು ಬಿಡಿ, ಮತ್ತೆ ಹೊರಗೆ ಹರಿಸಿ. ಬರುವ ನೀರು ತಿಳಿಯಾಗುವ ತನಕ ಇದೇ. ಮೂರು ಸುತ್ತು ಸಾಮಾನ್ಯ. ಕೆಮ್ಮಣ್ಣಿನ ಬಣ್ಣ ಬರುತ್ತಿದ್ದರೆ ಐದೂ ಆಗಬಹುದು. ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರಿನಲ್ಲಿ.

ಅದನ್ನೂ ಹರಿಸಿ ಕಾಕ್ ಮುಚ್ಚಿದ ಮೇಲೆ ಒಳಗೆ ಒಂದೂವರೆ ಲೀಟರ್ ಬರೀ ನೀರಿದೆ. ಈ ಸ್ಥಿತಿಯಲ್ಲಿ ಅರ್ಧಕ್ಕರ್ಧ ಬೆರೆತ ಪ್ರೀಮಿಕ್ಸ್ ಎರಡೂವರೆ ಲೀಟರ್ ಹಾಕಿದರೆ ಗ್ಲೈಕಾಲ್ ಪ್ರಮಾಣ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೇ ಕಾನ್ಸಂಟ್ರೇಟ್: ಒಟ್ಟು ನಾಲ್ಕರ ಅರ್ಧ, ಎರಡು ಲೀಟರ್ ಮೊದಲು ಸುರಿಯಿರಿ, ಮೇಲಿನ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಿ. ನಿಮ್ಮ ಕಾರಿನ ಒಟ್ಟು ಅಳತೆ ಮ್ಯಾನ್ಯುಯಲ್‌ನಲ್ಲಿದೆ, ಲೆಕ್ಕ ಇದೇ.

ಗಾಳಿ ತೆಗೆಯುವುದನ್ನು ಮರೆಯಬೇಡಿ. ಕಾರಿನ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ನಿಧಾನ ಸುರಿದು, ಮೇಲಿನ ಹೋಸನ್ನು ಕೈಯಿಂದ ಹಿಂಡಿ ಹಿಂಡಿ ಬಿಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆಯಿಲ್ಲದೆ ಧಾರೆ ಬರುವವರೆಗೆ ತೆರೆದಿಡಿ. ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವ ತನಕ ಓಡಿಸಿ, ಹೀಟರಿನಿಂದ ಬಿಸಿಗಾಳಿ ಬರುತ್ತಿದೆಯೇ ನೋಡಿ. ಮಾರನೆಯ ಬೆಳಿಗ್ಗೆ ಮಟ್ಟ ಇಳಿದೇ ಇಳಿದಿರುತ್ತದೆ. ಗಾಬರಿ ಬೇಡ, ಮಿನಿಮಮ್ ಮತ್ತು ಮ್ಯಾಕ್ಸಿಮಮ್ ಗೆರೆಗಳ ನಡುವೆ ತನ್ನಿ. ವಾರದ ಮೇಲೂ ಇಳಿಯುತ್ತಿದ್ದರೆ ಅದು ಸೋರಿಕೆ.

ಹಳೆಯ ಕೂಲಂಟನ್ನು ಚರಂಡಿಗೋ ಗಿಡದ ಬುಡಕ್ಕೋ ಚೆಲ್ಲಬೇಡಿ. ಗ್ಲೈಕಾಲ್ ಸಿಹಿ, ವಿಷವೂ ಹೌದು. ನಾಯಿ, ದನ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಕ್ಯಾನಿಗೆ ತುಂಬಿ, ವೇಸ್ಟ್ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಬೇರೆಯಾಗಿಯೇ ಕೊಡಿ.

ಸೋರಿಕೆ ಎಲ್ಲಿ

ಎ.ಸಿ. ಹಾಕಿದಾಗ ಮುಂದಿನ ಎಡಗಡೆ ತೊಟ್ಟಿಕ್ಕುವ ತಿಳಿನೀರು ಸೋರಿಕೆಯಲ್ಲ. ಬಣ್ಣವಿದ್ದು, ಬೆರಳಿಗೆ ಜಿಡ್ಡೆನಿಸಿದರೆ ಅದು ಕೂಲಂಟ್. ಎಡ ಸೀಟಿನ ಕೆಳಗಿನ ಮ್ಯಾಟ್ ಒದ್ದೆ, ಒಳಗೆ ಸಿಹಿ ವಾಸನೆ, ಗಾಜಿಗೆ ಒಳಗಿನಿಂದ ಜಿಡ್ಡು ಮಂಜು: ಹೀಟರ್ ಕೋರ್, ಅಂದರೆ ಹೀಟರಿನೊಳಗಿನ ಕೊಳವೆಗಳ ಜಾಲ, ಸೋರುತ್ತಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಒಣಗಿದ ಗೆರೆ ಇಳಿದಿದ್ದರೆ ಪಂಪಿನ ಸೀಲ್ ಹೋಗಿದೆ. ಎಲ್ಲೂ ಕಾಣುವುದಿಲ್ಲ, ಆದರೂ ಇಳಿಯುತ್ತದೆ ಅಂದರೆ ಮೊದಲು ಮುಚ್ಚಳ ಬದಲಿಸಿ. ಅದರ ರಬ್ಬರ್ ಸೀಳಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೋಗುತ್ತದೆ. ಮುಚ್ಚಳದ ಮೇಲೆ 0.9, 1.1 ಹೀಗೆ ಒತ್ತಡ ಬರೆದಿರುತ್ತದೆ, ಅದೇ ಅಂಕಿಯದ್ದನ್ನೇ ತನ್ನಿ. ಆಯಿಲ್ ಡಿಪ್‌ಸ್ಟಿಕ್ ಹಾಲು ಹಾಕಿದ ಚಹಾದಂತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗಿ.

"ಥರ್ಮೋಸ್ಟಾಟ್ ತೆಗೆದು ಬಿಡ್ತೀನಿ ಸರ್, ಆಮೇಲೆ ಕಾಯೋದೇ ಇಲ್ಲ" ಅಂತ ಗ್ಯಾರೇಜಿನಲ್ಲಿ ಹೇಳಿದರೆ ಒಪ್ಪಬೇಡಿ. ತೆಗೆದ ಕಾರು ಹೈವೇಯಲ್ಲಿ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು) ಇಂಧನ ಹೆಚ್ಚು ಬಿಡುತ್ತದೆ, ಮೈಲೇಜ್ ಬೀಳುತ್ತದೆ, ಕಾದದ್ದಕ್ಕೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಇನ್ನೊಂದು ಲಾರಿ ಡ್ರೈವರುಗಳ ವಿದ್ಯೆ, ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ. ಸೋರಿಕೆ ನಿಲ್ಲುವುದು ಹೌದು. ಆದರೆ ಆ ಪುಡಿಗೆ ತೂತು ಯಾವುದು, ಕೊಳವೆ ಯಾವುದು ಗೊತ್ತಾಗುವುದಿಲ್ಲ.

ಹೊರಮೈ

ಒಳಗೆಲ್ಲ ಸರಿಯಿದ್ದೂ ಕಾಯುತ್ತಿದ್ದರೆ ರೇಡಿಯೇಟರಿನ ಹೊರಮೈ ನೋಡಿ. ದಾವಣಗೆರೆ ಸುತ್ತ ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆಯಲ್ಲೇ ಒಣಹಾಕುತ್ತಾರೆ, ಚಿತ್ರದುರ್ಗದ ಕಡೆ ರಾಗಿ, ಹುರುಳಿ ಒಕ್ಕಣೆಯೂ ಡಾಂಬರಿನ ಮೇಲೆಯೇ. ಹೊಟ್ಟು, ರವದಿ ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೂತು, ಮೇಲೆ ಧೂಳು ಅಂಟಿ ಕಂಬಳಿ ಹೊದಿಸಿದಂತಾಗುತ್ತದೆ. ತೋಟದ ಪೈಪಿನ ಸಾಧಾರಣ ಒತ್ತಡದಲ್ಲಿ ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ. ವಾಟರ್ ಸರ್ವಿಸಿನ ಜೆಟ್ ಬೇಡ, ರೆಕ್ಕೆಗಳು ಮಲಗಿಬಿಡುತ್ತವೆ. ಹಾಸಿದ ಹುಲ್ಲಿನ ಮೇಲೆ ಕಾರು ಓಡಿಸುವುದೇ ತಪ್ಪು: ಕೆಳಗೆ ಆಕ್ಸಲಿಗೆ ಸುತ್ತಿಕೊಂಡ ಹುಲ್ಲು ಬಿಸಿ ಸೈಲೆನ್ಸರಿಗೆ ತಗುಲಿ ಹೊತ್ತಿಕೊಳ್ಳುತ್ತದೆ. ಹಾಯಲೇಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ಹಾಕಿ.

ದಾರಿಯಲ್ಲಿ ಕಾದರೆ

ಮುಳ್ಳು ಏರತೊಡಗಿದಾಗಲೇ ಎ.ಸಿ. ಆಫ್, ಹೀಟರ್ ಪೂರ್ತಿ, ಕಿಟಕಿ ಇಳಿಸಿ. ಬೆವರು ಸುರಿಯುತ್ತದೆ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಕೆಂಪಿಗೆ ಬಂದರೆ ಅಥವಾ ಕೆಂಪು ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಮುಂದಿನ ಊರಿನವರೆಗೆ ಅಂತ ಓಡಿಸುವ ಆ ನಾಲ್ಕು ಕಿಲೋಮೀಟರಿನಲ್ಲೇ ಹೆಡ್ ಬಾಗುವುದು. ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದು ಬಂದರೂ ಅಷ್ಟು ಹೊತ್ತು ಸಾಲದು; ಮುಕ್ಕಾಲು ಗಂಟೆ ಬೇಕು. ಹೋಸ್ ಹಿಂಡಿದರೆ ಮೆತ್ತಗಿರಬೇಕು, ಆಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ. ಬಾಟಲಿ ನೀರಾಗಲಿ, ಬೋರಿನ ನೀರೇ ಆಗಲಿ, ಆ ಹೊತ್ತಿಗೆ ರೇಡಿಯೇಟರಿಗೆ ಹಾಕಿ. ಬೆಂದ ಎಂಜಿನ್ನಿಗಿಂತ ಹಕ್ಕಳೆ ಲೇಸು. ಮನೆಗೆ ಬಂದ ಮೇಲೆ ಪೂರ್ತಿ ತೆಗೆದು ತೊಳೆಯಿರಿ. ಮಟ್ಟ ಸರಿಯಿದ್ದೂ ಕಾದಿದ್ದರೆ, ಎಂಜಿನ್ ಆರಿದ ಮೇಲೆ ಒಮ್ಮೆ ಚಾಲು ಮಾಡಿ ಎ.ಸಿ. ಹಾಕಿ ನೋಡಿ. ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಇಲ್ಲವೇ ಮೋಟಾರ್.

ಖರ್ಚು

ಅಂದಾಜು ಹೇಳುವುದಾದರೆ, ಎರಡು ಲೀಟರ್ ಕಾನ್ಸಂಟ್ರೇಟ್ 600ರಿಂದ 900 ರೂಪಾಯಿ, ಡಿಸ್ಟಿಲ್ಡ್ ವಾಟರ್ ಇನ್ನೂರು ಮುನ್ನೂರು, ಗ್ಯಾರೇಜಿನಲ್ಲಿ ಮಾಡಿಸಿದರೆ ಕೂಲಿ ನಾನೂರು ಐನೂರು. ಸಣ್ಣ ಕಾರಿನ ಹೊಸ ರೇಡಿಯೇಟರ್ ಮೂರರಿಂದ ಆರು ಸಾವಿರ. ಹೆಡ್ ಬಿಚ್ಚಿ, ಬಾಗಿದ ಮೈಯನ್ನು ಸಮ ಮಾಡುವ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಹಾಕಿಸಿದರೆ ಹನ್ನೆರಡು ಸಾವಿರದಿಂದ ಶುರು, ಡೀಸೆಲ್ ಆದರೆ ಇನ್ನೂ ಮೇಲೆ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ಯಾಂತ್ರಿಕ ಕೆಡುಕಿಗೆ ಹಣ ಕೊಡುವುದಿಲ್ಲ, ಆದ್ದರಿಂದ ಇದು ಪೂರಾ ನಿಮ್ಮ ಜೇಬಿನಿಂದ.

ತಂದ ಡಿಸ್ಟಿಲ್ಡ್ ವಾಟರ್ ಉಳಿದರೆ ನೀರು ಕೇಳುವ ಬಗೆಯ ಬ್ಯಾಟರಿಗೆ ಹಾಕಿ. ವೈಪರ್ ನೀರಿನ ಡಬ್ಬಿಗೆ ಕ್ಯಾನ್ ನೀರು ಸಾಕು. ಬೋರಿನದ್ದು ತುಂಬಿದರೆ ನಾಜಲ್ ಕಟ್ಟುತ್ತದೆ, ಗುಂಡುಸೂಜಿ ಹಿಡಿದು ಕೂರಬೇಕು. ಹೊಸ ಕೂಲಂಟ್ ಹಾಕಿದ ದಿನಾಂಕ, ಕಿಲೋಮೀಟರ್, ಬ್ರ್ಯಾಂಡ್, ಬಗೆ ಇಷ್ಟನ್ನು ಒಂದು ತುಂಡು ಟೇಪಿನ ಮೇಲೆ ಬರೆದು ಬಾನೆಟ್ ಒಳಬದಿಗೆ ಅಂಟಿಸಿ. ಮುಂದಿನ ಸಲ ಬಾನೆಟ್ ಎತ್ತುವ ಮೆಕ್ಯಾನಿಕ್ ಕೈಯಲ್ಲಿ ನೀರಿನ ಬಾಟಲಿ ಇರಬಹುದು.