ಆರ್‌ಎಸ್ ಕ್ಯೂ8 ಅಥವಾ ಎಕ್ಸ್5 ಎಂ: ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ ಅಳೆದು ನೋಡಿದ್ದು

ಸೊನ್ನೆಯಿಂದ ಗಂಟೆಗೆ ನೂರು ಕಿಮೀ ವೇಗಕ್ಕೆ ಎರಡೂ ಎಸ್‌ಯುವಿಗಳದ್ದು 3.8 ಸೆಕೆಂಡ್. ಬಿಎಂಡಬ್ಲ್ಯು ಎಕ್ಸ್5 ಎಂ ಕಾಂಪಿಟಿಷನ್‌ನ 4.4 ಲೀಟರ್ ವಿ8 ಎಂಜಿನ್ 625 ಪಿಎಸ್ ಶಕ್ತಿ, 750 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಆಡಿ ಆರ್‌ಎಸ್ ಕ್ಯೂ8ರ 4 ಲೀಟರ್ ವಿ8ಗೆ 600 ಪಿಎಸ್, 800 ನ್ಯೂಟನ್ ಮೀಟರ್. ಎರಡಕ್ಕೂ ಜೋಡಿ ಟರ್ಬೊ, ಎಂಟು ಗೇರಿನ ಆಟೊಮ್ಯಾಟಿಕ್. ಇಷ್ಟನ್ನೇ ಹಿಡಿದು ಕೂತರೆ ತೀರ್ಮಾನ ಈ ಜನ್ಮದಲ್ಲಿ ಆಗುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿಮೀ. 130 ದಾಟಿದರೆ 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಫ್‌ಐಆರ್ ಬೀಳುತ್ತದೆ. ಹಾಗಾಗಿ ವೇಗದ ಅಂಕಿಗಳನ್ನು ಮೊದಲೇ ಬದಿಗಿಟ್ಟು ಸ್ಪ್ರಿಂಗ್, ಟೈರು, ಬ್ರೇಕು, ಅಗಲ, ಕಾಗದಪತ್ರ ಈ ಐದನ್ನೇ ಮುಖ್ಯವಾಗಿ ಹೋಲಿಸಿದೆ.

ಎರಡೂ ಭಾರತಕ್ಕೆ ಬಂದದ್ದು 2020ರಲ್ಲಿ. ಆಡಿ ಆಗಸ್ಟ್‌ನಲ್ಲಿ 2.07 ಕೋಟಿಗೆ, ಬಿಎಂಡಬ್ಲ್ಯು ನವೆಂಬರ್‌ನಲ್ಲಿ ಸುಮಾರು 1.95 ಕೋಟಿಗೆ, ಎರಡೂ ಎಕ್ಸ್ ಶೋರೂಂ ಬೆಲೆ. ಮಾರುವವರು ತಾವು ಅಂದು ಕೊಟ್ಟ ಆನ್ ರೋಡ್ ಮೊತ್ತದಿಂದ ಮಾತು ಶುರು ಮಾಡುತ್ತಾರೆ. ಅದಕ್ಕೆ ಕಿವಿಗೊಡಬೇಡಿ. 640 ಪಿಎಸ್‌ನ ಹೊಸ ಆರ್‌ಎಸ್ ಕ್ಯೂ8 ಪರ್ಫಾರ್ಮೆನ್ಸ್ 2025ರ ಫೆಬ್ರುವರಿಯಲ್ಲಿ 2.49 ಕೋಟಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ಹೋಗಿ ಶೇ 40ರ ಜಿಎಸ್‌ಟಿ ಒಂದೇ ಉಳಿಯಿತು. ಹಳೆಯ ಗಾಡಿಯ ಚೌಕಾಸಿ ಈಗಿನ ಹೊಸ ಗಾಡಿಯ ಬೆಲೆಯ ಎದುರು ನಡೆಯಬೇಕು.

ಇನ್ನು ಸ್ಪ್ರಿಂಗ್. ನನ್ನ ಮಟ್ಟಿಗೆ ಅರ್ಧ ತೀರ್ಮಾನ ಇಲ್ಲೇ ಆಯಿತು. ಎಕ್ಸ್5 ಎಂಗೆ ಉಕ್ಕಿನ ಸ್ಪ್ರಿಂಗ್, ಅದರ ಜೊತೆ ಎಲೆಕ್ಟ್ರಾನಿಕ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್). ಆರ್‌ಎಸ್ ಕ್ಯೂ8ಗೆ ಏರ್ ಸಸ್ಪೆನ್ಷನ್, ಅಂದರೆ ಸ್ಪ್ರಿಂಗಿನ ಜಾಗದಲ್ಲಿ ಗಾಳಿಯ ಚೀಲ. ಅತಿ ತಗ್ಗಿನಿಂದ ಅತಿ ಎತ್ತರಕ್ಕೆ 90 ಮಿಮೀ ಆಚೀಚೆ ಆಗುತ್ತದೆ. ನಮ್ಮ ಬಡಾವಣೆಗಳ ಹಂಪ್ಸ್ ಯಾವ ಅಳತೆಗೂ ಸಿಗುವಂಥವಲ್ಲ. ಆಡಿಯಲ್ಲಿ ಹಂಪ್ಸ್ ಬರುವ ಮೊದಲು ಎತ್ತರಿಸಿಕೊಂಡರೆ ಹೊಟ್ಟೆ ತಾಗುವ ಭಯವಿಲ್ಲ. ಎಕ್ಸ್5 ಎಂನಲ್ಲಿ ಕಂಫರ್ಟ್ ಮೋಡ್ ಹಾಕಿದರೂ 30–40ರ ವೇಗದಲ್ಲಿ ಪ್ಯಾಚ್ ಹಾಕಿದ ಡಾಂಬರಿನ ಪ್ರತಿ ಅಂಚೂ ಸೊಂಟಕ್ಕೆ ಗೊತ್ತಾಗುತ್ತದೆ. ಅದೇ ಗಾಡಿ ಘಾಟಿಯ ತಿರುವಿಗೆ ಬಿದ್ದರೆ ಸ್ಟಿಯರಿಂಗ್ ಹೇಳಿದ್ದನ್ನು ಚಾಚೂ ತಪ್ಪದೆ ಕೇಳುತ್ತದೆ. ಆ ಮೊನಚು ಆಡಿಯಲ್ಲಿ ಇಲ್ಲ. ವಾರಕ್ಕೆ ಐದು ದಿನ ಸಿಲ್ಕ್ ಬೋರ್ಡ್, ತಿಂಗಳಿಗೊಮ್ಮೆ ಸಕಲೇಶಪುರ ಎನ್ನುವವರು ಯಾವುದಕ್ಕೆ ದುಡ್ಡು ಹಾಕಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಏರ್ ಸಸ್ಪೆನ್ಷನ್ ಪುಕ್ಕಟೆ ಸುಖವಲ್ಲ. ಹಳೆಯ ಗಾಡಿಯಲ್ಲಿ ಮೊದಲು ಕೈಕೊಡುವ ಭಾಗ ಅದೇ. ಪರೀಕ್ಷೆ ಸುಲಭ, ಒಂದು ಟೇಪು ಸಾಕು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಪ್ರತಿ ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ರಾತ್ರಿ ಪೂರ್ತಿ ಹಾಗೇ ಬಿಟ್ಟು, ಬೆಳಿಗ್ಗೆ ಬಾಗಿಲು ಕೂಡ ತೆಗೆಯದೆ ಮತ್ತೆ ಅಳೆಯಿರಿ. ಬಾಗಿಲು ತೆಗೆದರೆ ವ್ಯವಸ್ಥೆ ಎಚ್ಚೆತ್ತು ಮಟ್ಟ ಸರಿಮಾಡಿಕೊಳ್ಳಬಹುದು, ಆಗ ಅಳತೆ ಕೆಟ್ಟಿತು. ನಾಲ್ಕೂ ಒಂದೇ ಸಮ ಎರಡು ಮೂರು ಮಿಮೀ ಇಳಿದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಅದು ರಾತ್ರಿಯ ಚಳಿಯ ಪ್ರಭಾವ. ಒಂದೇ ಮೂಲೆ 10 ಮಿಮೀಗಿಂತ ಹೆಚ್ಚು ಕುಸಿದಿದ್ದರೆ ಅಲ್ಲಿನ ಬೆಲ್ಲೋಸ್ (ಗಾಳಿಯ ಚೀಲ) ಅಥವಾ ಪೈಪಿನ ಜಾಯಿಂಟ್ ಸೋರುತ್ತಿದೆ. ಸೋರಿಕೆಯ ಖರ್ಚು ಆ ಮೂಲೆಗೇ ಮುಗಿಯುವುದೂ ಇಲ್ಲ: ಕಳೆದುಕೊಂಡ ಗಾಳಿ ತುಂಬಲು ಕಂಪ್ರೆಸರ್ ಪದೇ ಪದೇ ಓಡುತ್ತದೆ, ಕಾಯುತ್ತದೆ, ಕಡೆಗೆ ಅದೂ ಸುಡುತ್ತದೆ. ಒಂದು ಬೆಲ್ಲೋಸ್‌ನ ಖರ್ಚು ಎರಡು ಕೆಲಸದ ಖರ್ಚಾಗುವುದು ಹೀಗೆ. ಎಂಜಿನ್ ಚಾಲೂ ಇಟ್ಟು ಅತಿ ಎತ್ತರಕ್ಕೆ, ಮತ್ತೆ ಅತಿ ತಗ್ಗಿಗೆ ಒಯ್ದು ನೋಡಿ. ಯಾವ ಮೂಲೆಯೂ ಹಿಂದೆ ಬೀಳಬಾರದು, ಕಂಪ್ರೆಸರ್ ಕರ್ಕಶವಾಗಿ ಅರಚಬಾರದು.

ಟೈರಿನ ಲೆಕ್ಕ ಹಲವರು ಬಿಡುತ್ತಾರೆ, ಆದರೆ ವರ್ಷದ ಖರ್ಚು ನಿಂತಿರುವುದು ಅದರ ಮೇಲೆ. ಎಕ್ಸ್5 ಎಂ ಕಾಂಪಿಟಿಷನ್‌ಗೆ ಮುಂದೆ 295/35 ಆರ್21, ಹಿಂದೆ 315/30 ಆರ್22. ಆರ್‌ಎಸ್ ಕ್ಯೂ8ಗೆ ನಾಲ್ಕೂ ಕಡೆ 295/40 ಆರ್22, ಇಲ್ಲವೆ ಆಯ್ಕೆಯ 295/35 ಆರ್23. ಮೊದಲ ಅಂಕಿ ಮಿಮೀ ಲೆಕ್ಕದ ಅಗಲ, ಎರಡನೆಯದು ಗೋಡೆಯ ಎತ್ತರ ಅಗಲದ ಶೇಕಡ ಎಷ್ಟು ಎಂಬುದು, ಆರ್ ಮುಂದಿನದು ರಿಮ್‌ನ ಇಂಚು. ಅಗಲವನ್ನು ಶೇಕಡದಿಂದ ಗುಣಿಸಿದರೆ ಟೈರಿನ ಗೋಡೆಯ ಎತ್ತರ ಸಿಗುತ್ತದೆ: ಬಿಎಂಡಬ್ಲ್ಯುವಿನ ಹಿಂದಿನದು 94.5 ಮಿಮೀ, ಮುಂದಿನದು 103. ಆಡಿಯ 22 ಇಂಚಿನದು 118, 23 ಇಂಚಿನದು ಮತ್ತೆ 103. ಗುಂಡಿಗೆ ಬಿದ್ದಾಗ ರಿಮ್ ಮತ್ತು ಡಾಂಬರಿನ ನಡುವೆ ಇರುವುದು ಇಷ್ಟೇ ರಬ್ಬರು. 23 ಇಂಚಿನ ಚಕ್ರ ಫೋಟೊಕ್ಕೆ ಚೆಂದ. ನಮ್ಮ ರಸ್ತೆಗೆ ಬೇಡ. 22 ಇಂಚಿನದು ಇರುವ ಗಾಡಿಯನ್ನೇ ಹುಡುಕಿ.

ಇನ್ನೊಂದು ಅಂಶ: ಆಡಿಯ ನಾಲ್ಕೂ ಟೈರು ಒಂದೇ ಅಳತೆಯವಾದ್ದರಿಂದ ಮುಂದಿನದನ್ನು ಹಿಂದಕ್ಕೆ ಬದಲಿಸಿ ಸವೆತ ಸಮ ಮಾಡಬಹುದು. ಎಕ್ಸ್5 ಎಂನಲ್ಲಿ ಆ ದಾರಿ ಇಲ್ಲ. ಹಿಂದಿನ ಜೋಡಿ ಮೊದಲು ಸವೆಯುತ್ತದೆ, ಜೋಡಿಯಾಗಿಯೇ ಬದಲಿಸಬೇಕು. ಸವೆತ ನೋಡುವಾಗ ಹೊರಗಿನಿಂದ ಕಾಣುವ ಭಾಗವನ್ನು ನಂಬಬೇಡಿ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಟಾರ್ಚ್ ಹಿಡಿದು, ಟೈರಿನ ಒಳಗಿನ ಭುಜ, ನಡು, ಹೊರಗಿನ ಭುಜ ಮೂರು ಕಡೆ ಗೇಜ್ ಇಟ್ಟು ಅಳೆಯಿರಿ. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದರಿಂದ ಒಳಭುಜವೇ ಮೊದಲು ಬೋಳಾಗುತ್ತದೆ. ಕಾನೂನಿಗೆ 1.6 ಮಿಮೀ ಸಾಕು. ಇಷ್ಟು ಅಗಲದ ಟೈರು ಮಳೆನೀರಿನ ಮೇಲೆ ತೇಲುವುದು ಬೇಗ, ಹಾಗಾಗಿ 3 ಮಿಮೀ ಬಂದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದುಬಿಡಿ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2321 ಎಂದರೆ 2021ರ 23ನೇ ವಾರ. ಬಿಎಂಡಬ್ಲ್ಯುಗೆಂದೇ ತಯಾರಾದ ಟೈರಿನ ಮೇಲೆ ನಕ್ಷತ್ರದ ಗುರುತು, ಆಡಿಯದಕ್ಕೆ ಎಒ ಅಥವಾ ಆರ್‌ಒ1 ಇರುತ್ತದೆ. ಒಂದು ಟೈರು ಮಾತ್ರ ಬೇರೆ ಕಂಪನಿಯದಾಗಿದ್ದರೆ ಏಕೆ ಎಂದು ಕೇಳಿ. ಸುತ್ತಳತೆಯಲ್ಲಿ ವ್ಯತ್ಯಾಸ ಬಂದರೆ ಎಕ್ಸ್5 ಎಂನ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ಚು ಸದಾ ಜಾರುತ್ತ ಸವೆಯುತ್ತದೆ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ. ತಳದಿಂದ ಜಗ್ಗಿದ ಹಾಗೆ ಆದರೆ ಅನುಮಾನ ಅದರ ಮೇಲೇ. ರಿಮ್ ಬಾಗಿದ್ದು ಹೊರಗಿನಿಂದ ಕಾಣುವುದಿಲ್ಲ. ಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಮಷಿನ್‌ಗೆ ಹಾಕಿ ತಿರುಗಿಸಿ, ಒಳಬದಿಯ ಅಂಚನ್ನು ನೋಡಬೇಕು. ಅಲ್ಲಿ ವೆಲ್ಡ್ ಗುರುತು ಸಿಕ್ಕರೆ ಆ ರಿಮ್ ಲೆಕ್ಕಕ್ಕಿಲ್ಲ.

ಬ್ರೇಕು: ಡಿಸ್ಕಿನ ವ್ಯಾಸ ಎಕ್ಸ್5 ಎಂಗೆ ಮುಂದೆ 395 ಮಿಮೀ, ಹಿಂದೆ 380. ಆರ್‌ಎಸ್ ಕ್ಯೂ8ಗೆ ಉಕ್ಕಿನದಾದರೆ 420 ಮತ್ತು 370, ಆಯ್ಕೆಯ ಸೆರಾಮಿಕ್ ಆದರೆ ಮುಂದಿನದು 440. ಉಕ್ಕಿನ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ; ಮೈಕ್ರೋಮೀಟರ್ ಹಿಡಿದು ಅದಕ್ಕೆ ಹೋಲಿಸಿ. ಅಂಚಿನಲ್ಲಿ ದಿಣ್ಣೆ ಎದ್ದಿರುವುದರಿಂದ ವರ್ನಿಯರ್ ತಪ್ಪು ತೋರಿಸುತ್ತದೆ. ಸೆರಾಮಿಕ್ ಡಿಸ್ಕು ನಗರದಲ್ಲಿ ಬಹುಕಾಲ ಬರುತ್ತದೆ, ನಿಜ. ಆದರೆ ಚಕ್ರ ಬಿಚ್ಚುವಾಗ ಪಂಕ್ಚರ್ ಅಂಗಡಿಯ ಹುಡುಗ ರಿಮ್ ತಾಗಿಸಿದರೆ ಅಂಚು ಒಡೆದು ಡಿಸ್ಕೇ ಹೋಯಿತು. ನಾನು ಉಕ್ಕಿನದನ್ನೇ ಬಯಸಿದೆ.

ಅಗಲದ ಮಾತು ಅಪಾರ್ಟ್‌ಮೆಂಟಿನವರಿಗೆ. ಕನ್ನಡಿ ಬಿಟ್ಟು ಎಕ್ಸ್5 ಎಂ 2015 ಮಿಮೀ, ಆರ್‌ಎಸ್ ಕ್ಯೂ8 1998. ಉದ್ದ ಕ್ರಮವಾಗಿ 4938 ಮತ್ತು 5012. ಪಾರ್ಕಿಂಗ್ ಜಾಗ 2.5 ಮೀಟರ್‌ಗೆ 5 ಮೀಟರ್ ಇದ್ದರೆ ಆಡಿಯ ಮೂತಿ ಗೆರೆಯಾಚೆ ನಿಲ್ಲುತ್ತದೆ, ಬಿಎಂಡಬ್ಲ್ಯುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಗಾಡಿಯ ಮೇಲೆ ಗಾಡಿ ಏರಿಸುವ ಸ್ಟ್ಯಾಕ್ ಪಾರ್ಕಿಂಗ್ ಇದ್ದರೆ ಅದರ ಫಲಕದಲ್ಲಿ ತೂಕದ ಮಿತಿ ಓದಿ; ಎರಡೂ ಗಾಡಿ 2300 ಕಿಲೋ ಮೀರುತ್ತವೆ. ನೆಲಮಾಳಿಗೆಯ ರ‍್ಯಾಂಪ್ ತಿರುವಿನಲ್ಲಿ ಮಾತ್ರ ಉದ್ದದ ಆಡಿಯೇ ಸಲೀಸು. ಅದರ ಹಿಂದಿನ ಚಕ್ರಗಳು ನಿಧಾನ ವೇಗದಲ್ಲಿ ಐದು ಡಿಗ್ರಿಯವರೆಗೆ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಎಕ್ಸ್5 ಎಂಗೆ ಆ ಸೌಲಭ್ಯವಿಲ್ಲ. ಟೆಸ್ಟ್ ಡ್ರೈವ್ ಎಂದರೆ ಏರ್‌ಪೋರ್ಟ್ ರಸ್ತೆಯಲ್ಲಿ ಒಂದು ಸುತ್ತು ಎಂದುಕೊಳ್ಳದೆ, ಗಾಡಿಯನ್ನು ನಿಮ್ಮ ಮನೆಯ ರ‍್ಯಾಂಪಿಗೇ ತನ್ನಿ.

ಎಂಜಿನ್ ಬಗ್ಗೆ ಕಡಿಮೆ ಹೇಳಿದರೂ ನಡೆಯುತ್ತದೆ. ಎರಡರಲ್ಲೂ ಟರ್ಬೊ ಕೂತಿರುವುದು ವಿ ಆಕಾರದ ನಡುವಿನ ಕಣಿವೆಯಲ್ಲಿ. ಟ್ರಾಫಿಕ್ಕಿನಲ್ಲಿ ಗಾಳಿಯಾಡದೆ ಕಾವು ಅಲ್ಲೇ ನಿಂತು ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಒಣಗಿಸುತ್ತದೆ. ಗಾಡಿ ಚೆನ್ನಾಗಿ ಓಡಿ ಬಂದ ತಕ್ಷಣ ಬಾನೆಟ್ ಎತ್ತಿ ಮೂಸಿ ನೋಡಿ. ಸುಟ್ಟ ಎಣ್ಣೆಯ ವಾಸನೆ ಒಂದು ಬಗೆ, ಕೂಲೆಂಟಿನ ಸಿಹಿ ವಾಸನೆ ಇನ್ನೊಂದು ಬಗೆ. ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಹೋಗಿ. ತಣ್ಣನೆಯ ಸ್ಟಾರ್ಟ್ ಕೇಳದೆ ಮುಂಗಡ ಕೊಡಬೇಡಿ. ಆಡಿಯಲ್ಲಿ 55ರಿಂದ 160 ಕಿಮೀ ವೇಗದ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಾನೇ ನಿಂತು ಗಾಡಿ ತೇಲುವುದುಂಟು. ಆರ್‌ಪಿಎಂ ಮುಳ್ಳು ಸೊನ್ನೆಗೆ ಇಳಿದರೆ ಗಾಬರಿ ಬೇಡ. ಮತ್ತೆ ಚಾಲೂ ಆಗುವಾಗ ಜರ್ಕ್ ಹೊಡೆದರೆ ಮಾತ್ರ ಎಂಜಿನ್ನನ್ನು ಮತ್ತೆ ಚಾಲೂ ಮಾಡುವ 48 ವೋಲ್ಟಿನ ಬ್ಯಾಟರಿ ಮತ್ತು ಬೆಲ್ಟನ್ನು ಪರೀಕ್ಷಿಸಬೇಕು.

ಗಾಡಿಯ ಕಂಪ್ಯೂಟರ್ ಸ್ಕ್ಯಾನ್ ಮಾಡಿಸುವಾಗ ಬರೀ ಎಂಜಿನ್ ಮಾಡ್ಯೂಲ್ ಓದಿಸಿ ಬರಬೇಡಿ, ಎಲ್ಲವನ್ನೂ ಓದಿಸಿ ವರದಿಯ ಪ್ರತಿ ಇಟ್ಟುಕೊಳ್ಳಿ. ದೋಷ ದಾಖಲಾದಾಗಿನ ಕಿಲೋಮೀಟರು ಅದರ ಜೊತೆ ಸೇರಿರುತ್ತದೆ. ಮೀಟರು 28,000 ತೋರಿಸಿ, ಯಾವುದೋ ಹಳೆಯ ದೋಷ 41,000ದಲ್ಲಿ ಬಂದದ್ದೆಂದು ಬರೆದಿದ್ದರೆ ಅಲ್ಲಿಂದ ಎದ್ದು ಬನ್ನಿ. ಹಿಂದಿನ ದಿನವಷ್ಟೇ ಎಲ್ಲ ಅಳಿಸಿದ ಹಾಗೆ ಪೂರ್ತಿ ಖಾಲಿ ವರದಿ ಬಂದರೂ ಅದು ಶುಭಶಕುನವಲ್ಲ. ನಾಲ್ಕೈದು ವರ್ಷದ ಗಾಡಿಯಲ್ಲಿ ಬ್ಯಾಟರಿ ವೋಲ್ಟೇಜ್ ಕುಗ್ಗಿದ್ದೋ ಇನ್ನೊಂದೋ ಸಣ್ಣದು ಇದ್ದೇ ಇರುತ್ತದೆ.

ಅಗ್ಗವೆಂದು ಹೊರರಾಜ್ಯದ ನೋಂದಣಿಯ ಗಾಡಿಗೆ ಕೈಹಾಕುವ ಮೊದಲು ತೆರಿಗೆ ಲೆಕ್ಕ ಹಾಕಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್ ಬೇರೆ. ಹಳೆಯದಕ್ಕೆ ವಯಸ್ಸಿನ ಪ್ರಕಾರ ಕಡಿಮೆಯಾಗುತ್ತದೆ. ಆದರೂ ಎರಡು ಕೋಟಿಯ ಗಾಡಿಯಲ್ಲಿ ಉಳಿದ ಪಾಲೂ ಲಕ್ಷಗಳಲ್ಲೇ ಇರುತ್ತದೆ. ನಮೂನೆ 28ರ ಎನ್‌ಒಸಿ (ಆರ್‌ಟಿಒದ ನಿರಾಕ್ಷೇಪಣಾ ಪತ್ರ) ಮಾರುವವರ ಕೈಯಲ್ಲಿರದೆ ಹಣ ಕೊಡಬೇಡಿ. ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರದ ಜೊತೆ ನಮೂನೆ 35ಕ್ಕೆ ಬ್ಯಾಂಕಿನ ಸಹಿ ಆಗಿರಬೇಕು.

ಇಷ್ಟೆಲ್ಲ ಅಳೆದ ಮೇಲೆ ನಾನು ಆರಿಸಿದ್ದು 22 ಇಂಚಿನ ಚಕ್ರ, ಉಕ್ಕಿನ ಬ್ರೇಕು ಇರುವ, ಕೆಎ ನೋಂದಣಿಯ ಆರ್‌ಎಸ್ ಕ್ಯೂ8. ಓಡಿಸುವ ಖುಷಿಯೊಂದೇ ಮುಖ್ಯವೆನ್ನುವವರು ಎಕ್ಸ್5 ಎಂ ಕೊಂಡರೆ ತಪ್ಪೆನ್ನಲಾರೆ.

ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಮಾರಾಟವಾದ ದಿನದಿಂದ 14 ದಿನದೊಳಗೆ ಅರ್ಜಿ ಹಾಕಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ನೀವೇ ಕಟ್ಟಬೇಕು. ನವೀಕರಿಸುವಾಗ ಎಂಜಿನ್ ಪ್ರೊಟೆಕ್ಟ್ ಮತ್ತು ಟೈರ್ ಕವರ್ ಎರಡನ್ನೂ ಸೇರಿಸಿ. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರು ಎಂಜಿನ್ನಿನೊಳಗೆ ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ.